ಆಟೋಮ್ಯಾಟಿಕ್ ಗಾಡಿಯ ಪೈಪು

ತಿರುಮಲ ಸುಳ್ಳು ಹೇಳುವುದರಲ್ಲಿ ಪಳಗಿದವನಲ್ಲ. ಹೆಂಡತಿಯ ಹುಟ್ಟುಹಬ್ಬಕ್ಕೆಂದು ಗುಟ್ಟಾಗಿ ತಂದ ಸೀರೆಯ ಸುದ್ದಿಯನ್ನೂ ಮನೆಯೊಳಗೆ ಚಪ್ಪಲಿ ಬಿಡುವಾಗಲೇ ಬಾಯಿಬಿಟ್ಟು ಬೈಸಿಕೊಂಡ ಆಸಾಮಿ. ಅಂಥವನು ಆ ಶನಿವಾರ ನಸುಕಿನಲ್ಲೇ ಆಸ್ಟಿನ್ ಬಿಟ್ಟು, ಡಿಕ್ಕಿಯಲ್ಲಿ ಒಂದು ಸುಳ್ಳನ್ನು ಮಲಗಿಸಿಕೊಂಡು ಡಲ್ಲಾಸ್ ಕಡೆಗೆ ಡ್ರೈವ್ ಮಾಡುತ್ತಿದ್ದ.

ಸುಳ್ಳು ಎಂದರೆ ಒಂದು ಜೊತೆ ಹೆಡರ್ ಪೈಪು. ಎಂಜಿನ್ನಿನ ಎರಡು ಪಕ್ಕದಿಂದ ಹೊಗೆಯನ್ನು ಹೊರಗೊಯ್ಯುವ ಉದ್ದನೆಯ ಕೊಳವೆಗಳು. ಇದೇ ಕೆಲಸಕ್ಕೆ ಕಂಪನಿಯವರೇ ಕೂರಿಸಿದ್ದ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಕಿತ್ತು ಇವನ್ನು ಹಾಕಿದರೆ ಹಳೆಯ ಗಾಡಿಯ ದನಿಯೇ ಬೇರೆಯಾಗುತ್ತದೆ. ಎರಡರಲ್ಲಿ ಒಂದಿಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. ಆ ದನಿಗೆ ಆಸೆಪಟ್ಟವನು ಮೋಹನರಾಜ. ಮೈಸೂರಿನ ಕಾಲೇಜು ಹಾಸ್ಟೆಲಿನಲ್ಲಿ ಇಬ್ಬರೂ ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದವರು. ಈಗ ತಿರುಮಲ ಹೂಸ್ಟನ್ ಆಚೆಯ ದ ವುಡ್‌ಲ್ಯಾಂಡ್ಸ್‌ನಲ್ಲಿ ತೈಲ ಕಂಪನಿಯ ಎಂಜಿನಿಯರು, ಮೋಹನರಾಜ ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಟೆಲಿಕಾಂ ಕೆಲಸದವನು. ಅವನ ಗ್ಯಾರೇಜಿನಲ್ಲಿದ್ದದ್ದು ೧೯೬೯ರ ಕಮಾರೊ ಕಾರು, ಕ್ಲಚ್ ಒತ್ತಿ ಓಡಿಸುವ ನಾಲ್ಕು ಗೇರಿನದು. ತುಕ್ಕು ಹಿಡಿದು ಬಂದಿದ್ದ ಅದನ್ನು ಆರು ವರ್ಷ ಕೂತು ಕೈಯಾರೆ ರಿಪೇರಿ ಮಾಡಿ ರಸ್ತೆಗಿಳಿಸಿದ್ದ.

ಕಳೆದ ಚಳಿಗಾಲದಿಂದ ಮೋಹನರಾಜನ ಎಡಗಾಲು ಸೋಲತೊಡಗಿತ್ತು. ನರದ ಕಾಯಿಲೆ. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಕ್ಲಚ್ ಒತ್ತುವಷ್ಟು ಶಕ್ತಿ ಇನ್ನೊಂದು ವಾರ ಉಳಿದರೆ ಅದೇ ಹೆಚ್ಚು. ಅವನು ಕೇಳುತ್ತಿದ್ದದ್ದು ಇಷ್ಟೇ: ಹೆಡರ್ ಹಾಕಿ, ವೈಟ್ ರಾಕ್ ಕೆರೆಯ ಸುತ್ತ ಒಂದೇ ಒಂದು ಸಲ ತಾನೇ ಓಡಿಸಬೇಕು. ಆಮೇಲೆ ಕೀಲಿಯನ್ನು ತಾನಾಗಿಯೇ ಕೊಟ್ಟುಬಿಡುತ್ತೇನೆ ಎಂದಿದ್ದ.

“ಒಂದು ಸುತ್ತು ಅಂತಾರೆ. ಮಧ್ಯದಲ್ಲಿ ಕಾಲು ಸೋತ್ರೆ? ಅಲ್ಲಿ ಮಕ್ಕಳು ಸೈಕಲ್ ಹೊಡೀತಿರ್ತಾವೆ, ತಿರುಮಲ ಅವ್ರೇ,” ಎಂದು ಅವನ ಹೆಂಡತಿ ಅನಸೂಯ ಫೋನಿನಲ್ಲಿ ಅತ್ತಿದ್ದಳು. “ನಾನು ಬೇಡ ಅಂದ್ರೆ ಇನ್ನು ಮುಖ ಕೊಟ್ಟು ಮಾತಾಡಲ್ಲ ಅವ್ರು. ನೀವೇ ಏನಾದ್ರೂ ಮಾಡಿ. ಆ ಗಾಡಿ ಓಡಬಾರದು, ಅಷ್ಟೇ.”

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಿರುಮಲ ಒಪ್ಪಿಕೊಂಡ. ಆಸ್ಟಿನ್‌ನಲ್ಲಿ ಯಾರೋ ಹೆಡರ್ ಮಾರುತ್ತಿದ್ದಾರೆಂದು ತಿಳಿದು ಹಿಂದಿನ ದಿನವೇ ಹೋದ. ಮಾರುವವನು ಪಾಪ ಎರಡೆರಡು ಸಲ ಹೇಳಿದ, ಇದು ಆಟೋಮ್ಯಾಟಿಕ್ ಗಾಡಿಯದು, ಗೇರ್ ಗಾಡಿಯಲ್ಲಿ ಇದೇ ಜಾಗದಲ್ಲಿ ಕ್ಲಚ್ಚಿನ ಸರಳು ಇರುತ್ತದೆ, ಕೂರುವುದಿಲ್ಲ ಎಂದು. ನಮ್ಮದು ಆಟೋಮ್ಯಾಟಿಕ್ಕೇ ಎಂದ ತಿರುಮಲ. ಪೈಪು ಕೂರುವುದಿಲ್ಲ, ಬೇರೆ ತರಿಸೋಣ ಎನ್ನುತ್ತಾ ದಿನ ತಳ್ಳುವುದು, ಅಷ್ಟರಲ್ಲಿ ಕಾಲು ತಾನೇ ಕೈಚೆಲ್ಲುತ್ತದೆ. ಯಾರೂ ಯಾರಿಗೂ ಇಲ್ಲ ಎನ್ನಬೇಕಾಗಿಲ್ಲ. ಎಂಥ ಜಾಣತನ ನೋಡಿ!

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ರಿಚರ್ಡ್‌ಸನ್ನಿನ ಗ್ಯಾರೇಜಿನಲ್ಲಿ ಕೆಲಸ ಶುರುವಾಯಿತು. ಮೋಹನರಾಜ ಮಡಚುವ ಕುರ್ಚಿಯಲ್ಲಿ ಕೂತು ಸ್ಪ್ಯಾನರ್ ಒಂದೊಂದಾಗಿ ಎತ್ತಿಕೊಡುತ್ತಿದ್ದ.

“ಮೆಲ್ಲಗೆ ಕಣೋ. ಐವತ್ತೈದು ವರ್ಷದ ಬೋಲ್ಟು. ನಿನ್ನ ಹೂಸ್ಟನ್ ಕೈ ತೋರಿಸಬೇಡ.”

“ನೀನು ಸುಮ್ನೆ ಕೂತ್ಕೊಳೋ, ಮೇಸ್ತ್ರಿ.”

ಎಡಗಡೆಯ ಆರು ಬೋಲ್ಟುಗಳಲ್ಲಿ ನಾಲ್ಕು ಎಣ್ಣೆ ಕುಡಿದು ಜಗ್ಗಿದವು. ಹಿಂದಿನ ಎರಡು ತಲೆ ಮುರಿದುಕೊಂಡು ಎಂಜಿನ್ನಿನೊಳಗೇ ಉಳಿದವು. ತಿರುಮಲ ಮ್ಯಾನಿಫೋಲ್ಡನ್ನು ಮೀಟುಗೋಲಿನಿಂದ ಮೀಟಿದ, ಸುತ್ತಿಗೆಯಲ್ಲಿ ಒಂದೇಟು ಹೊಡೆದ. ಎರಕದ ಕಬ್ಬಿಣ ನಡುವಿಗೆ ಎರಡು ಹೋಳಾಗಿ ಕೆಳಗೆ ಬಿತ್ತು. ಆಗ ಹನ್ನೊಂದು ಗಂಟೆ. ಹೋಗಲಿ ಬಿಡು, ಹೇಗೂ ಹೆಡರ್ ಬರುತ್ತಲ್ಲ ಎಂದ ಮೋಹನರಾಜ. ತಿರುಮಲನಿಗಂತೂ ಒಳಗೊಳಗೇ ನಿರಾಳವಾಯಿತು. ಹಳೆಯದನ್ನೇ ವಾಪಸ್ ಹಾಕು ಎಂದು ಕೇಳುವ ದಾರಿಯೂ ಮುಚ್ಚಿತಲ್ಲ.

ಊಟಕ್ಕೆ ಅನಸೂಯ ಬಿಸಿಬೇಳೆ ಬಾತ್ ಮಾಡಿದ್ದಳು. ಬಡಿಸುವಾಗ ತಿರುಮಲನ ಕಡೆ ನೋಡಲಿಲ್ಲ.

ಮೂರರ ಹೊತ್ತಿಗೆ, ಇನ್ನೇನು ಪೈಪನ್ನು ಕೆಳಗಿನಿಂದ ಏರಿಸಬೇಕು, ಆಗ ಮೋಹನರಾಜ ಕರೆದ. “ನನ್ನ ಸ್ವಲ್ಪ ಹಿಡ್ಕೋ. ಸೀಟಲ್ಲಿ ಕೂರಿಸು. ಏನೋ ತೋರಿಸ್ಬೇಕು.”

ತಿರುಮಲ ತೋಳು ಕೊಟ್ಟು ಕೂರಿಸಿದ. ಗೆಳೆಯನ ಮೈ ಎಷ್ಟು ಹಗುರವಾಗಿದೆ ಎಂದು ಗಾಬರಿಯಾಯಿತು. ಮೋಹನರಾಜ ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಕ್ಲಚ್ಚಿನ ಮೇಲಿಟ್ಟು ಒತ್ತಿದ. ತೊಡೆ ಗಡಗಡ ನಡುಗಿತು, ಆದರೂ ಪೆಡಲು ನೆಲ ಮುಟ್ಟಿತು.

“ನೋಡ್ದಾ? ಮೂರು ತಿಂಗಳಿಂದ ದಿನಾ ಬಂದು ಒತ್ತುತ್ತೀನಿ. ಮೊನ್ನೆ ಇಪ್ಪತ್ತೆಂಟು ಸಲ ಆಯ್ತು, ನೆನ್ನೆ ಇಪ್ಪತ್ತೈದು. ಇಲ್ಲಿಂದ ಕೆರೆ ಹತ್ರಕ್ಕೆ ನೀನು ತಗೊಂಡು ಹೋಗು. ಸುತ್ತು ಹಾಕೋಕೆ ನಂಗೆ ಹದಿನಾಲ್ಕು ಸಾಕು. ನಾಳೆ ಬೆಳಗ್ಗೆ ಆರಕ್ಕೆ, ಯಾರೂ ಇರಲ್ಲ. ನೀನು ಪಕ್ಕದಲ್ಲೇ ಕೂತಿರ್ತೀಯ. ಕಾಲು ಕೇಳ್ಲಿಲ್ಲ ಅಂದ್ರೆ ನಾನು ಹೇಳೋವರೆಗೂ ಕಾಯಬೇಡ, ಕೀ ತಿರುಗಿಸಿ ಆಫ್ ಮಾಡ್ಬಿಡು. ಅನಸೂಯಂಗೆ ಭಯ ಅಂತ ನಂಗೊತ್ತಿಲ್ವೇನೋ?”

ತಿರುಮಲನಿಗೆ ಆಗ ಅರ್ಥವಾಯಿತು. ಅನಸೂಯಳ ಭಯ, ತನ್ನ ಭಯ, ಕೆರೆದಂಡೆಯ ಸೈಕಲ್ಲು, ಎಲ್ಲವನ್ನೂ ಇವನು ತಮಗಿಂತ ಮೊದಲೇ ಯೋಚಿಸಿ ಮುಗಿಸಿದ್ದ. ಇವನನ್ನು ನೇರವಾಗಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಯಾರೂ ಕೇಳಿರಲಿಲ್ಲ. ನಾಚಿಕೆಯಿಂದ ತಿರುಮಲನ ಕಿವಿ ಬಿಸಿಯಾಯಿತು. ಸದ್ದು ಗಿದ್ದು ಹಾಳಾಗಲಿ, ಹಳೆಯ ಮ್ಯಾನಿಫೋಲ್ಡನ್ನೇ ವಾಪಸ್ ಕೂರಿಸಿ ನಾಳೆ ಇವನನ್ನು ಕೆರೆಗೆ ಕರೆದೊಯ್ಯುತ್ತೇನೆ ಎಂದು ನಿರ್ಧರಿಸಿಬಿಟ್ಟ.

ನಿರ್ಧಾರವೇನೋ ಆಯಿತು. ಮ್ಯಾನಿಫೋಲ್ಡು ಎರಡು ಹೋಳಾಗಿ ನೆಲದ ಮೇಲಿತ್ತು.

ಹೋಳುಗಳನ್ನು ಜೋಡಿಸಿ ಹಿಡಿದು ನೋಡಿದ. ಬೋಲ್ಟಿನ ತುಂಡುಗಳನ್ನು ಕೊರೆದು ತೆಗೆಯಲು ಹೋಗಿ ಎರಡು ಡ್ರಿಲ್ ಬಿಟ್ ಮುರಿದ. ಬೀದಿಗೆ ಹೋಗಿ ನಿಂತು ಗುಜರಿಯವರಿಗೆ, ಬಿಡಿಭಾಗದ ಅಂಗಡಿಗಳಿಗೆ, ವೆಲ್ಡಿಂಗ್ ಮಾಡುವವರಿಗೆ ಫೋನ್ ಮಾಡಿದ. ಎಲ್ಲರದೂ ಒಂದೇ ಉತ್ತರ: ಒಡೆದ ಎರಕಕ್ಕೆ ಬೆಸುಗೆ ನಿಲ್ಲುವುದಿಲ್ಲ, ಬೇರೆ ತರಿಸಬೇಕು, ಹತ್ತು ದಿನ. ಮರಳಿ ಬಂದು ಕಾರಿನಡಿ ತೂರಿ, ತಾನೇ ಬೇಕೆಂತಲೇ ತಂದ ತಪ್ಪು ಪೈಪನ್ನು ಏರಿಸಿ ಸುತ್ತಿಗೆಯಲ್ಲಿ ಬಡಿದ. ಒಂದಿಷ್ಟು ತಗ್ಗಾದರೂ ಸರಳಿಗೆ ಜಾಗ ಸಿಕ್ಕೀತು ಎಂಬ ಹುಚ್ಚು ಆಸೆ. ಅಂಗೈ ಅಗಲದ ಪೈಪು ಸರಳಿನ ಜಾಗದಲ್ಲೇ ಹಾದುಹೋಗುವಾಗ ಬಡಿದು ಏನು ಪ್ರಯೋಜನ? ಬೆರಳ ಗೆಣ್ಣು ಸುಲಿಯಿತು, ಕಣ್ಣಲ್ಲಿ ನೀರು ಬಂತು. ಬಡಿಯುತ್ತಲೇ ಇದ್ದ.

“ಸಾಕು ಬಾರೋ ಈಚೆಗೆ,” ಎಂದ ಮೋಹನರಾಜ. “ಅದು ಆಟೋಮ್ಯಾಟಿಕ್ ಗಾಡೀದು. ಕೂರಲ್ಲ.”

ತಿರುಮಲ ತೆವಳಿಕೊಂಡು ಹೊರಬಂದು ನೆಲದ ಮೇಲೇ ಕೂತ. “ಯಾವಾಗ ಗೊತ್ತಾಯ್ತು?”

“ಡಿಕ್ಕಿ ತೆಗೆದಾಗ್ಲೇ. ಆರು ವರ್ಷ ಈ ಗಾಡಿ ಕೆಳಗೆ ಮಲಗಿದ್ದೀನಿ ಕಣೋ, ನಂಗೆ ಗೊತ್ತಾಗಲ್ವಾ?”

“ಮತ್ತೆ ಯಾಕೋ ಬೆಳಗ್ಗಿಂದ ಸುಮ್ನಿದ್ದೆ? ಒಂದು ಮಾತು ಬೈಬಾರದಿತ್ತಾ?”

ಮೋಹನರಾಜ ಸೀಟಿನಲ್ಲೇ ಇದ್ದ. ಎಡಗಾಲು ಪೆಡಲಿನಿಂದ ಜಾರಿ ಬಾಗಿಲ ಪಕ್ಕಕ್ಕೆ ವಾಲಿತ್ತು. ಅದನ್ನು ಎತ್ತಿಡಲು ಅವನು ಕೈ ಹಾಕಲಿಲ್ಲ.

“ನೀನು ಮನಸ್ಸು ಬದಲಾಯಿಸ್ತೀಯೇನೋ ಅಂತ ಕಾಯ್ತಿದ್ದೆ.”

“ಬದಲಾಯಿಸ್ದೆ ಕಣೋ,” ಎಂದ ತಿರುಮಲ. “ದೇವರಾಣೆ, ಮೂರು ಗಂಟೆಗೆ ಬದಲಾಯಿಸ್ದೆ.”

ಮೋಹನರಾಜನಿಗೆ ಸಿಟ್ಟು ಬಂದಿರಲಿಲ್ಲ. ನೆಲದ ಮೇಲಿದ್ದ ಎರಡು ಹೋಳುಗಳತ್ತ ನೋಡಿದ.

“ಅದು ಹನ್ನೊಂದಕ್ಕೇ ಒಡೀತಲ್ಲೋ,” ಎಂದ.