ದೇವರಿಗೆ ಮಾತ್ರ ಕೇಳುವಂತೆ

ಕಣ್ಣು ಮುಚ್ಚಿ ಕೂತಿದ್ದಾಗಲೇ ನನ್ನ ಮಾನ ಹೋಯಿತು.

ಹೊಸ ವರ್ಷದ ಪ್ರಾರ್ಥನೆಯ ವಾರ. ಸೋಮವಾರ ಬೆಳಗಿನ ಜಾವ ಚರ್ಚಿನ ಮರದ ನಗಾರಿ ಬಡಿದ ಮೇಲೆ ಊರಿನ ಹೆಂಗಸರೆಲ್ಲ ಬಂದು ಚಾಪೆಯ ಮೇಲೆ ಕೂತಿದ್ದೆವು. ಪ್ರಾರ್ಥನೆ ನಡೆಸುವ ಸರದಿ ಫಿಪೆಯದು. ಅವಳು ಅಳದೆ ಪ್ರಾರ್ಥನೆ ಮಾಡಿದ್ದೇ ಇಲ್ಲ, ಅದಕ್ಕೇ ನಮ್ಮ ವವಾವು ದ್ವೀಪದಲ್ಲೆಲ್ಲ ಅವಳ ಪ್ರಾರ್ಥನೆಗೆ ಹೆಸರು. ಮಳೆ ಆಯಿತು, ಗೆಣಸಿನ ಬೆಳೆ ಆಯಿತು, ಕಾಯಿಲೆಯವರು ಆಯಿತು. ಆಮೇಲೆ ಮೂಗು ಎಳೆದುಕೊಂಡು ಅಂದಳು, "ಕರ್ತನೇ, ನಮ್ಮ ಲೋಸಾಳ ಕಣ್ಣೀರು ನೋಡಪ್ಪಾ. ಅವಳ ಗಂಡ ಸೋಸೈಯಾನ್ನ ಆ ಆಸ್ಟ್ರೇಲಿಯಾದ ಹೆಂಗಸಿನ ಕೈಯಿಂದ ಬಿಡಿಸಿ ಮನೆಗೆ ಕಳಿಸಪ್ಪಾ."

ಲೋಸಾ ಅಂದರೆ ನಾನೇ.

ನನ್ನ ಗಂಡ ಇದೇ ಚರ್ಚಿನಲ್ಲಿ ಪ್ರಸಂಗ ಮಾಡುತ್ತಿದ್ದವನು. ಹಣ್ಣು ಕೀಳುವ ಕೆಲಸಕ್ಕೆಂದು ಆಸ್ಟ್ರೇಲಿಯಾಕ್ಕೆ ಹೋದ. ಮೊದಮೊದಲು ದಿನಾ ಫೋನ್, ಆಮೇಲೆ ಭಾನುವಾರಕ್ಕೊಂದು, ಆಮೇಲೆ ಅದೂ ಇಲ್ಲ. ಒಂದು ದಿನ ನಾನೇ ಮಾಡಿದರೆ ಒಬ್ಬ ಹೆಂಗಸು ಎತ್ತಿ, ನಿದ್ದೆಗಣ್ಣಲ್ಲಿ ಅವನನ್ನು ಹೆಸರು ಹಿಡಿದು ಕರೆದಳು. ಇದನ್ನು ನಾನು ಹೆತ್ತ ಮಕ್ಕಳಿಗೂ ಹೇಳಿರಲಿಲ್ಲ. ಹೇಳಿದ್ದು ಫಿಪೆಗೆ ಮಾತ್ರ. ನಾವಿಬ್ಬರೂ ಪ್ರಾರ್ಥನೆಯ ಜೋಡಿ. ವಾರಕ್ಕೊಮ್ಮೆ ನಮ್ಮ ಹಿತ್ತಲ ಜೀಗುಜ್ಜೆ ಮರದಡಿ ಕೂತು ಒಬ್ಬರ ಭಾರ ಒಬ್ಬರು ಹೊತ್ತು ಪ್ರಾರ್ಥಿಸುವವರು. ಅವತ್ತು ನನ್ನ ಕೈ ಹಿಡಿದು, "ನಾಲಿಗೆ ಕತ್ತರಿಸಿದ್ರೂ ಹೇಳಲ್ಲ ಕಣೇ. ನಿನ್ನ, ನನ್ನ, ದೇವರ ಮಧ್ಯೆ ಇರುತ್ತೆ" ಅಂದಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ?

ಪ್ರಾರ್ಥನೆಯ ಮಧ್ಯೆ ಎದ್ದು "ಸಾಕು, ಬಾಯಿ ಮುಚ್ಚು" ಎನ್ನುವ ಹಾಗಿಲ್ಲ. ಪಕ್ಕದಲ್ಲಿ ನನ್ನ ಅತ್ತೆ ಕೂತಿದ್ದರು. ಬೀಸಣಿಗೆ ಬೀಸುತ್ತಿದ್ದ ಅವರ ಕೈ ನಿಂತದ್ದು ಗೊತ್ತಾಯಿತು. ಕೊನೆಗೆ ಎಲ್ಲರೂ ಒಟ್ಟಿಗೆ "ಆಮೆನ್" ಅಂದರು. ಹುಟ್ಟಿದಾಗಿನಿಂದ ರೂಢಿಯಾದ ಬಾಯಿ ನೋಡಿ, ನಾನೂ ಅಂದುಬಿಟ್ಟೆ. ನನ್ನ ಮಾನ ಹರಾಜು ಹಾಕಿದ್ದಕ್ಕೆ ನಾನೇ ಆಮೆನ್!

ಹೊರಗೆ ಬಂದರೆ ಒಬ್ಬೊಬ್ಬಳೂ ಭುಜ ತಟ್ಟುವವಳೇ. ಮನೆ ಮುಟ್ಟಿದ ಮೇಲೆ ಅತ್ತೆ, "ನನ್ನ ಮಗನ ಹೆಸರನ್ನ ಊರ ಬಾಯಿಗೆ ಹಾಕಿದೆಯಲ್ಲೇ ತಾಯಿ. ನನಗೊಂದು ಮಾತು ಹೇಳೋಕಾಗ್ಲಿಲ್ವಾ?" ಅಂದರು. ಮನೆಯವರನ್ನು ಬಿಟ್ಟು ಹೊರಗಿನವಳನ್ನು ನಂಬಿದ್ದೆ.

ಸೀದಾ ಫಿಪೆಯ ಅಡುಗೆಕೊಟ್ಟಿಗೆಗೆ ಹೋದೆ. ತೆಂಗಿನಕಾಯಿ ತುರಿಯುತ್ತಿದ್ದಳು.

"ಯಾಕೇ ಹೇಳಿದೆ?"

"ನಾನು ಯಾರಿಗೇ ಹೇಳಿದೆ? ದೇವರಿಗೆ ಹೇಳಿದೆ."

"ದೇವರಿಗೇನು ಕಿವುಡಾ? ಅಷ್ಟು ಜೋರಾಗಿ ಹೇಳ್ಬೇಕಿತ್ತಾ?"

"ಹಾಗಲ್ಲ ಲೋಸಾ. ನಾವಿಬ್ರೇ ಕೇಳಿದ್ರೆ ಎಷ್ಟು ಬಲ? ಇಡೀ ಸಭೆ ಕೇಳಿದ್ರೆ ಅವನು ಬರ್ತಾನೆ ಅಂತ. ನಿನ್ನ ಒಳ್ಳೇದಕ್ಕೇ ಕಣೇ."

"ಓಹೋ! ಹಾಗಾದ್ರೆ ನಿನ್ನ ಮಗಳ ವಿಷಯಕ್ಕೆ ಸಭೆಯ ಬಲ ಯಾಕೆ ಬೇಡವಾಯ್ತು?"

ಅವಳ ಕೈಯಲ್ಲಿದ್ದ ತೆಂಗಿನ ಕಡಿ ಬೂದಿಗೆ ಬಿತ್ತು.

ಫಿಪೆಯ ಮಗಳು ಲೆಸಿಯೆಲಿ ಓದಲಿಕ್ಕೆಂದು ರಾಜಧಾನಿಗೆ ಹೋಗಿ, ಓದು ಬಿಟ್ಟು ಬಂದಿದ್ದಳು. ಹಿಂದೆಯೇ ಫಿಪೆಯ ಮಡಿಲಿಗೊಂದು ಗಂಡು ಕೂಸು ಬಂತು. ನೆಂಟರ ಮಗು, ಸಾಕಲಿಕ್ಕೆ ತಂದೆವು ಅಂದರು. ಮಕ್ಕಳನ್ನು ಕೊಡುವುದು, ತರುವುದು ನಮ್ಮಲ್ಲಿ ಮಾಮೂಲು. ಯಾರೂ ಏನೂ ಕೇಳಲಿಲ್ಲ. ಆ ಕೂಸು ಲೆಸಿಯೆಲಿಯದೇ ಎಂದು ಹೊರಗಿನವರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ, ಅದೂ ಅದೇ ಜೀಗುಜ್ಜೆ ಮರದಡಿ ಫಿಪೆ ಹೇಳಿದ್ದರಿಂದ. ಈಗ ಆ ಹುಡುಗಿಗೆ ಮದುವೆ ಗೊತ್ತಾಗಿತ್ತು. ಮರುವಾರ ಗಂಡಿನ ಕಡೆಯವರು ಉಡುಗೊರೆಗೆ ಹಂದಿ, ಚಾಪೆ ಹೊತ್ತು ಬರುವವರಿದ್ದರು.

"ಶುಕ್ರವಾರ ನನ್ನ ಸರದಿ," ಅಂದೆ. "ನಾನೂ ಯಾರಿಗೂ ಹೇಳಲ್ಲ. ದೇವರಿಗೇ ಹೇಳ್ತೀನಿ."

"ಲೋಸಾ, ಅವಳು ನಿನಗೇನೇ ಮಾಡಿದ್ದಾಳೆ?" ಅಂದಳು. ನಾನು ತಿರುಗಿ ನೋಡದೆ ಬಂದೆ.

ಮರುದಿನ ಫಿಪೆ ಕೆಸುವಿನೆಲೆಯಲ್ಲಿ ಮಾಂಸ, ತೆಂಗಿನಹಾಲು ಕಟ್ಟಿ ಬೇಯಿಸಿದ ಲೂ ಕಳಿಸಿದಳು. ನನಗೆ ಪ್ರಾಣ ಅದು. ಬುಟ್ಟಿ ಸಮೇತ ಹಂದಿಗೆ ಹಾಕಿದೆ.

ಒಂದು ಕಾಲಕ್ಕೆ ನನ್ನ ನಾಲಿಗೆಗೆ ಈ ಊರೇ ಹೆದರುತ್ತಿತ್ತು. ಅದನ್ನು ಪಳಗಿಸಿದ್ದು ಈ ಸಭೆ. ಸಭೆಯೆಂದರೇನು, ಫಿಪೆಯೇ. "ಬಾಯಿ ತೆರೆಯೋಕೆ ಮುಂಚೆ ಒಂದು ಉಸಿರಿನಷ್ಟು ಪ್ರಾರ್ಥನೆ ಮಾಡೇ, ಅವನ ಕೃಪೆ ಮಿಕ್ಕಿದ್ದು ನೋಡ್ಕೊಳ್ಳುತ್ತೆ" ಎಂದು ಕಲಿಸಿದವಳೇ ಅವಳು. ಕಲಿಸಿದವಳೇ ಕತ್ತು ಕೊಯ್ದರೆ ಕಲಿತ ಪಾಠದ ಗತಿ ಏನು? ದಿನಾ ಮೊಣಕಾಲೂರಿ, "ಕರ್ತನೇ, ಇದೊಂದು ಸಲ ಮುಯ್ಯಿ ತೀರಿಸೋಕೆ ಬಿಡು" ಎಂದು ಬೇಡಿದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಶುಕ್ರವಾರ ಎದ್ದು ನಿಂತೆ. ಎಲ್ಲರೂ ತಲೆ ಬಗ್ಗಿಸಿದರು. ಮಳೆ ಅಂದೆ, ಬೆಳೆ ಅಂದೆ, ಕಾಯಿಲೆ ಅಂದೆ. ಆಮೇಲೆ ನಾಲಿಗೆ ತಾನಾಗಿಯೇ ಅಲ್ಲಿಗೆ ಬಂತು.

"ಕರ್ತನೇ, ನಮ್ಮ ಲೆಸಿಯೆಲಿ..."

ಫಿಪೆ ಇದನ್ನು ಹೇಗೆ ನುಂಗುತ್ತಾಳೆ ನೋಡಬೇಕು ಅನ್ನಿಸಿ ಕಣ್ಣು ತೆರೆದೆ. ಅವಳ ಹಣೆ ಚಾಪೆಗೆ ಹತ್ತಿತ್ತು, ಮುಖ ಕಾಣಲಿಲ್ಲ. ಕಂಡದ್ದು ಲೆಸಿಯೆಲಿ. ಇಡೀ ಚರ್ಚಿನಲ್ಲಿ ಕಣ್ಣು ತೆರೆದಿದ್ದವರು ನಾವಿಬ್ಬರೇ. ನಾನು ಏನು ಹೇಳಹೊರಟಿದ್ದೇನೆಂದು ಅವಳಿಗೆ ಗೊತ್ತಿತ್ತು. ಮಡಿಲಲ್ಲಿ ಮಲಗಿದ್ದ ಕೂಸಿನ ಕಿವಿಯನ್ನು ಅಂಗೈಯಿಂದ ಮುಚ್ಚಿ ನನ್ನನ್ನೇ ನೋಡುತ್ತಿದ್ದಳು. ಅದಕ್ಕೇನು ತಿಳಿಯುತ್ತದೆ, ಪಾಪ! ಆದರೂ ಮುಚ್ಚಿದ್ದಳು.

ಸೋಮವಾರ ನನ್ನ ಕಿವಿ ಮುಚ್ಚುವವರು ಯಾರೂ ಇರಲಿಲ್ಲ.

ಒಂದು ಉಸಿರು ಎಳೆದುಕೊಂಡೆ.

"...ಲೆಸಿಯೆಲಿಯ ಮದುವೆ ಚೆನ್ನಾಗಿ ನಡೆಯಲಿ ಕರ್ತನೇ. ಅವಳನ್ನ ಯಾರೂ ನೋಯಿಸದೇ ಇರಲಿ. ಮಿಕ್ಕಿದ್ದು ನಿನಗೇ ಗೊತ್ತು."

ಎಲ್ಲರೂ ಆಮೆನ್ ಅಂದರು. ಫಿಪೆಯ ದನಿ ಮಾತ್ರ ಕೇಳಲಿಲ್ಲ. ಅಳುತ್ತಿದ್ದಳು, ಈ ಸಲ ಸದ್ದಿಲ್ಲದೆ. ನಾನು ಬಂದು ಕೂತಾಗ ಅತ್ತೆ ಬೀಸಣಿಗೆಯನ್ನು ನನ್ನ ಕಡೆ ತಿರುಗಿಸಿ ಬೀಸಿದರು.

ಹೊರಗೆ ಫಿಪೆ ನನ್ನ ಕೈ ಹಿಡಿದಳು. "ನನ್ನ ಬಾಯಿಗೆ ಮಣ್ಣು ಹಾಕ. ಕ್ಷಮಿಸಿಬಿಟ್ಟೆ ತಾನೇ ಲೋಸಾ?"

"ಎಲ್ಲಿ ಕ್ಷಮಿಸಿದೆ? ನಿನ್ನ ಮುಖ ನೋಡಿದ್ರೆ ಮೈ ಉರಿಯುತ್ತೆ." ಕೈ ಬಿಡಿಸಿಕೊಂಡೆ. "ಕ್ಷಮಿಸೋ ಮನಸ್ಸು ಕೊಡು ಅಂತ ಪ್ರಾರ್ಥನೆ ಮಾಡ್ತಾ ಇದ್ದೀನಿ."

"ನಾನೂ ಜೊತೆಗೆ ಕೂತ್ಕೊಳ್ಲಾ? ಮರದಡಿಗೆ ಬರ್ಲಾ?"

"ಬೇಡಮ್ಮಾ," ಅಂದೆ. "ಒಬ್ಬಳೇ ಮಾಡ್ತೀನಿ. ಮನಸ್ಸಿನಲ್ಲೇ."