ರಕ್ತದಾನಿಗಳ ಪುಟ ತೆರೆಯಲಿಲ್ಲ

ದಂಡಿನಶಿವರದ ಬೆಟ್ಟಸ್ವಾಮಿ ಕಾಯಿ ಕೀಳಲು ಹತ್ತಿದ್ದ ತೆಂಗಿನಮರದಿಂದ ಜಾರಿ ಬಿದ್ದಿದ್ದ. ಸೊಂಟದ ಮೂಳೆ ಮುರಿದು ಒಳಗೇ ರಕ್ತ ಸೋರುತ್ತಿತ್ತು. ತಿಪಟೂರಿನ ಆಸ್ಪತ್ರೆಯಿಂದ ನರ್ಸ್ ಶಿವರುದ್ರಮ್ಮ ಇಂಪನಾಗೆ ಫೋನ್ ಮಾಡಿದಾಗ ಅವರ ದನಿಯಲ್ಲಿ ಎಂದಿನ ಸಮಾಧಾನ ಇರಲಿಲ್ಲ.

"ಓ ನೆಗೆಟಿವ್ ಕಣಮ್ಮ. ಬ್ಲಡ್ ಬ್ಯಾಂಕಲ್ಲಿ ಇದ್ದಿದ್ದೆಲ್ಲ ಹಾಕಾಯ್ತು. ನಿಮ್ಮ ವೆಬ್‌ಸೈಟು ಓಪನ್ನೇ ಆಗ್ತಿಲ್ವಲ್ಲ?"

ಸುತ್ತಲ ಮೂರು ತಾಲ್ಲೂಕುಗಳ ರಕ್ತದಾನಿಗಳನ್ನು ಹುಡುಕಿಕೊಡುವ ಆ ವೆಬ್‌ಸೈಟನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕಟ್ಟಿದವಳು ಇಂಪನಾ. ಜೊತೆಗೆ ದುಡಿಯುವವನು ಬಸವಕುಮಾರ್. ಹಿಂಡಿ, ಬೂಸಾ ಮಾರುವ ಅಂಗಡಿಯ ಮಹಡಿಯೇ ಇಬ್ಬರ ಆಫೀಸು. ದಾನಿಗಳ ವಿವರಗಳನ್ನೆಲ್ಲ ಇಟ್ಟಿದ್ದ ಡೇಟಾಬೇಸನ್ನು ಇವರು ನೇರವಾಗಿ ಮುಟ್ಟುತ್ತಿರಲಿಲ್ಲ. ಓಆರ್‌ಎಂ ಎಂಬ ಮಧ್ಯವರ್ತಿ ಪೈಥಾನ್‌ನಲ್ಲಿ ಕೇಳಿದ್ದನ್ನು ಡೇಟಾಬೇಸಿಗೆ ತಿಳಿಯುವಂತೆ ತಿರುಗಿಸಿ, ಉತ್ತರ ತಂದುಕೊಡುತ್ತಿತ್ತು.

ಈಗ ಅದು ಉತ್ತರ ತರುತ್ತಿರಲಿಲ್ಲ. ಕಾದು ಕಾದು ಸಾಕಾಯಿತು, ಡೇಟಾಬೇಸಿಗೆ ಹೋಗಲು ಇರುವ ಕೆಲವೇ ಸಂಪರ್ಕಗಳಲ್ಲಿ ಒಂದೂ ಖಾಲಿಯಿಲ್ಲ ಎಂಬ ದೂರು ಪರದೆಯ ತುಂಬ.

"ರೀಸ್ಟಾರ್ಟ್ ಮಾಡ್ಬುಡು," ಎಂದ ಬಸವಕುಮಾರ್.

ಮಾಡಿದಳು. ಪುಟ ತೆರೆಯಿತು. ಅವಳು ರಕ್ತದ ಗುಂಪು ಆರಿಸಿ ಒತ್ತುವಷ್ಟರಲ್ಲಿ ಮತ್ತೆ ನಿಂತುಬಿಟ್ಟಿತು.

ಓಆರ್‌ಎಂ ಬಿಟ್ಟು, ಅಡ್ಮಿನ್ ಪಾಸ್‌ವರ್ಡ್ ಹಾಕಿ ನೇರವಾಗಿ ಡೇಟಾಬೇಸಿನೊಳಕ್ಕೆ ಹೋದಳು. ಓ ನೆಗೆಟಿವ್ ಯಾರು ಯಾರು ಎಂದು ಕೈಯಾರೆ ಬರೆದು ಕೇಳಿದಳು. ಬಿಳಿಗೆರೆಯ ರೇಣುಕಪ್ರಸಾದ್. ಕಂದಿಕೆರೆಯ ಪುಷ್ಪಲತಾ. ಹೆಸರು, ಊರು ಸಿಕ್ಕವು. ಫೋನ್ ನಂಬರಿನ ಜಾಗದಲ್ಲಿ ಮಾತ್ರ ತಲೆಬುಡವಿಲ್ಲದ ಅಕ್ಷರಗಳು. ದಾನಿಗಳ ನಂಬರು ಯಾರ ಕೈಗೂ ಸಿಗಬಾರದೆಂದು ಅವನ್ನು ಗುಪ್ತವಾಗಿಟ್ಟವಳು ಅವಳೇ. ಅವನ್ನು ಬಿಡಿಸಿ ತೋರಿಸಬಲ್ಲದ್ದು ವೆಬ್‌ಸೈಟ್ ಮಾತ್ರ.

ಫೋನ್ ಮತ್ತೆ ಹೊಡೆದುಕೊಂಡಿತು. "ಬಿ.ಪಿ. ಇಳೀತಿದೆ ಕಣಮ್ಮ. ಯಾರಾದ್ರೂ ಸಿಕ್ರಾ?"

"ಒಂದ್ ನಿಮಿಷ, ಸಿಸ್ಟರ್."

ಹಾಗಾದರೆ ಸಂಪರ್ಕಗಳನ್ನೆಲ್ಲ ಹಿಡಿದು ಕೂತಿರುವುದು ಯಾರು? ನೋಡಿದಳು. ಒಂದೂ ಕೆಲಸ ಮಾಡುತ್ತಿರಲಿಲ್ಲ, ಒಂದೂ ಬಿಟ್ಟುಕೊಟ್ಟಿರಲಿಲ್ಲ. ಎಲ್ಲವೂ ಕೊನೆಯದಾಗಿ ಕೇಳಿದ್ದು ಒಂದೇ ಪ್ರಶ್ನೆ: ಮುಂದಿನ ದಾನಿಗೆ ರಕ್ತದಾನ ಶಿಬಿರದ ಮೆಸೇಜು ಹೋಗಿದೆಯೇ?

"ಮೆಸೇಜಾ? ಯಾವ ಮೆಸೇಜು ಕುಮಾರಣ್ಣ?"

ಬಸವಕುಮಾರ್ ಬಿಳಿಚಿಕೊಂಡ. "ನಂದೇ ಕಣಮ್ಮ. ಭಾನುವಾರದ ಶಿಬಿರಕ್ಕೆ ಬೆಳಿಗ್ಗೆ ಹೊಸದಾಗಿ ಬರೆದು ಬಿಟ್ಟೆ. ಮೆಸೇಜ್ ಹೋಗ್ದಿದ್ರೆ ಮುಂದಿನವ್ರಿಗೆ ಹೋಗು ಅಂತ..."

"ಹೋಗ್ದಿದ್ದಾಗ ಸೆಷನ್ ಮುಚ್ಚೋ ಹಾಗೆ ಬರ್ದಿದೀರಾ?"

ಬರೆದಿರಲಿಲ್ಲ. ಮೆಸೇಜು ಸೋತಾಗಲೆಲ್ಲ ಡೇಟಾಬೇಸಿನೊಡನೆ ಮಾತಾಡಲು ತೆರೆದ ಒಂದೊಂದು ಸೆಷನ್ ತೆರೆದೇ ಉಳಿದು, ಒಂದೊಂದು ಸಂಪರ್ಕವನ್ನು ನುಂಗಿತ್ತು. ಪ್ರತಿ ರೀಸ್ಟಾರ್ಟಿಗೂ ಅದೇ ಕೆಲಸ ಮೊದಲಿನಿಂದ ಶುರುವಾಗುತ್ತಿತ್ತು.

ಅವಳಿಗೆ ಕೂಗಾಡಬೇಕೆನಿಸಿತು. "ಮೊದ್ಲು ಅದನ್ನ ನಿಲ್ಸಿ," ಎಂದಷ್ಟೇ ಹೇಳಿದಳು. ಅವನು ನಿಲ್ಲಿಸಿದ. ಹಿಡಿದು ಕೂತ ಸಂಪರ್ಕಗಳನ್ನು ಅವಳು ಕತ್ತರಿಸಿದಳು. ಪುಟ ತೆರೆಯಿತು, ಈ ಸಲ ನಿಲ್ಲಲಿಲ್ಲ. ನಂಬರುಗಳು ಕಂಡವು.

ಪುಷ್ಪಲತಾ ಫೋನ್ ಎತ್ತಲಿಲ್ಲ. ರೇಣುಕಪ್ರಸಾದ್ ಎತ್ತಿದರು, ಹಿಂದೆ ತೋಟದ ಮೋಟಾರಿನ ಸದ್ದು.

"ಯಾರಿಗಾದ್ರೇನವ್ವ, ಬತ್ತೀನಿ. ಗಾಡಿ ಇಲ್ಲೇ ಐತೆ."

ಇಂಪನಾ ಶಿವರುದ್ರಮ್ಮನವರಿಗೆ ಫೋನ್ ಮಾಡಿ ದಾನಿ ಹೊರಟಿದ್ದಾರೆಂದು ತಿಳಿಸಿದಳು. ಬಸವಕುಮಾರ್ ಎದ್ದು ಆಸ್ಪತ್ರೆಗೆ ಹೊರಟ. ಅವಳು ಅವನ ಕೋಡನ್ನು ತೆರೆದು, ಸೋತರೂ ಗೆದ್ದರೂ ಸೆಷನ್ ತಾನಾಗಿ ಮುಚ್ಚುವಂತೆ ತಿದ್ದಿದಳು. ಬೇಕೆಂದೇ ಮೆಸೇಜುಗಳನ್ನು ಸೋಲಿಸಿ ನೋಡಿದಳು. ಸಂಪರ್ಕಗಳು ಒಂದೂ ತಪ್ಪದೆ ಹಿಂದಿರುಗಿದವು.

ಕತ್ತಲಾಗುವ ಮುಂಚೆ ಅವನು ವಾಪಸ್ ಬಂದ. ಪುಷ್ಪಲತಾ ಕೂಡ ಆಮೇಲೆ ತಾವೇ ಫೋನ್ ಮಾಡಿ ಬಂದು ರಕ್ತ ಕೊಟ್ಟಿದ್ದರು. ಆಪರೇಷನ್ ಮುಗಿದಿತ್ತು. ಜೀವಕ್ಕೆ ಭಯವಿಲ್ಲ, ಇನ್ನು ಮರ ಹತ್ತುವುದು ಮಾತ್ರ ಆಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

"ಬೆಟ್ಟಸ್ವಾಮಿ ಹೆಂಡ್ತಿ ನಿಂಗಮ್ಮ ನನ್ ಕೈ ಹಿಡ್ಕೊಂಡು ಅತ್ತುಬುಟ್ರು," ಎಂದ ಅವನು. "ನೀವೇ ಉಳಿಸಿದ್ರಿ ಅಂತಾರೆ. ಏನ್ ಹೇಳ್ಲಿ? ಬಯ್ಯೋದಿದ್ರೆ ಈಗ ಬಯ್ದುಬುಡು ಇಂಪನಾ."

ಇಂಪನಾ ಅವನ ಮುಖ ನೋಡಿದಳು. ಮಧ್ಯಾಹ್ನದ ಸಿಟ್ಟನ್ನು ಹುಡುಕಿದಳು, ಸಿಗಲಿಲ್ಲ.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?" ಎಂದು ಕೇಳಿದಳು.