ಬೆನ್ನ ಹಿಂದಿನ ಉಸಿರು

ಅವನನ್ನು ದೊರೆ ಎಂದು ಕರೆಯುತ್ತಿದ್ದರು, ಪ್ರೀತಿಯಿಂದೇನಲ್ಲ. ಮೈದಾನದಲ್ಲಿ ಉಳಿದವರೆಲ್ಲ ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದರೆ ಇವನೊಬ್ಬ ಊಟ ಮುಗಿಸಿ ಅಡ್ಡಾಡಲು ಬಂದವನ ಹಾಗೆ ನಡೆಯುತ್ತಿದ್ದ. ನೋಡಲು ಬಂದವರು ಬೈಯುತ್ತಿದ್ದರು. ಅವರು ಬೈದು ಸುಸ್ತಾಗುವ ಹೊತ್ತಿಗೆ ಚೆಂಡು ಅವನ ಕಾಲಿಗೆ ಬರುತ್ತಿತ್ತು, ಆಗ ಕಥೆಯೇ ಬೇರೆ. ಮೂವರು ಬಂದು ಸುತ್ತಿಕೊಂಡರೂ ಅವನ ಮುಖದಲ್ಲಿ ಗಾಬರಿ ಇರುತ್ತಿರಲಿಲ್ಲ. ಚೆಂಡನ್ನು ಒಂಚೂರು ತಟ್ಟಿ, ಆ ಮೂವರ ನಡುವೆ ಯಾರಿಗೂ ಕಾಣದ ಸಂದಿಯೊಂದನ್ನು ಹುಡುಕಿ, ದೂರದಲ್ಲಿ ಓಡುತ್ತಿದ್ದವನ ಕಾಲ ಬಳಿಗೇ ತಲುಪಿಸಿಬಿಡುತ್ತಿದ್ದ. ಬೈಯುತ್ತಿದ್ದವರೇ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಚೆಂಡು ಹೋದ ಮೇಲೆ ಮತ್ತೆ ಅದೇ ನಡಿಗೆ, ಮತ್ತೆ ಅದೇ ಬೈಗುಳ.

"ಈ ಕಾಲು ನನಗಿದ್ದಿದ್ರೆ ನಿದ್ದೇಲೂ ಓಡ್ತಿದ್ದೆ ಕಣಯ್ಯಾ," ಎಂದು ಕೋಚ್ ಹಲ್ಲು ಕಡಿಯುತ್ತಿದ್ದರು.

ಸೋಮಾರಿ ಎಂದುಬಿಡುವುದು ಎಷ್ಟು ಸುಲಭ ನೋಡಿ. ಬಾಯಿಗೆ ಬಂದದ್ದನ್ನು ಹೇಳಲು ಯಾರಪ್ಪನ ಅಪ್ಪಣೆ ಬೇಕು? ದೊರೆ ಮೈಗಳ್ಳನಲ್ಲ. ಅವನು ಓಡಿದರೆ ಅವನ ಅಣ್ಣನೂ ಓಡಬೇಕಾಗುತ್ತಿತ್ತು. ಅಣ್ಣ ಸತ್ತು ಎರಡು ವರ್ಷವಾಗಿತ್ತು.

ಆ ತಂಡದಲ್ಲಿ ಕೋಚ್ ಹಾಕಿಕೊಟ್ಟ ಒಂದು ಪದ್ಧತಿಯಿತ್ತು. ಅಭ್ಯಾಸದ ಓಟಕ್ಕೆ ಆಟಗಾರರನ್ನು ಜೋಡಿ ಜೋಡಿಯಾಗಿ ಬಿಡುತ್ತಿದ್ದರು. ಮುಂದೆ ಓಡುವವನಿಗೆ ತಲೆ ಎಂದು ಹೆಸರು, ಅವನ ಬೆನ್ನಿಗಂಟಿಕೊಂಡು ಓಡುವವನಿಗೆ ಬಾಲ. ತಲೆ ನಿಧಾನ ಮಾಡಿದರೆ ಬಾಲ ಅವನ ಬೆನ್ನಿಗೆ ಗುದ್ದಬಹುದು. ತಲೆ ಮಾತ್ರ ಯಾವ ಕಾರಣಕ್ಕೂ ಹಿಂದೆ ತಿರುಗಿ ನೋಡುವಂತಿಲ್ಲ. ಹೆಜ್ಜೆ ಮತ್ತು ಉಸಿರು ಕೇಳಿಯೇ ಹಿಂದಿನವನು ಎಲ್ಲಿದ್ದಾನೆಂದು ತಿಳಿಯಬೇಕು. ಆಟಗಾರನಿಗೆ ಬೆನ್ನಿನಲ್ಲೂ ಕಿವಿಯಿರಬೇಕು ಎಂಬುದು ಕೋಚ್ ವಾದ. ಅಣ್ಣ ತಮ್ಮ ಇಬ್ಬರೂ ಅದೇ ತಂಡದಲ್ಲಿದ್ದರು. ತಮ್ಮ ತಲೆ, ಅಣ್ಣ ಬಾಲ.

ಅಣ್ಣನದು ಒಂದು ಚೇಷ್ಟೆ. ಅರ್ಧ ಓಟ ಮುಗಿಯುತ್ತಿದ್ದಂತೆ ಮುದಿ ಎಮ್ಮೆಯ ಹಾಗೆ ಏದುಸಿರು ಬಿಡುತ್ತ, "ಸತ್ತೆ ಕಣೋ... ನಿಧಾನ ಹೋಗೋ... ನನ್ ಹಾಸಿಗೆ ನೀನೇ ಇಟ್ಕೊಳೋ..." ಎಂದು ನಾಟಕ ಶುರು ಮಾಡುತ್ತಿದ್ದ. ತಮ್ಮ ನಕ್ಕು ಓಟ ಸಡಿಲಿಸಿದನೋ, ಬೆನ್ನಿಗೆ ಧಡ್ ಎಂದು ಗುದ್ದು. ಬೇಕಾದಷ್ಟು ಗುದ್ದು ತಿಂದು ತಮ್ಮ ಪಾಠ ಕಲಿತ. ಆಮೇಲೆ ಅಣ್ಣ ನರಳಿದಷ್ಟೂ ಇವನು ಜೋರಾಗಿ ಓಡುತ್ತಿದ್ದ.

ಆ ದಿನವೂ ಜೋರಾಗಿಯೇ ಓಡಿದ. ಹಿಂದೆ ಉಸಿರು ಬಟ್ಟೆಯ ಹಾಗೆ ಹರಿದುಹೋಯಿತು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಗೊರಗೊರ ಸದ್ದು ಬಂತು. ಇವತ್ತು ಭಾರಿ ಚೆನ್ನಾಗಿ ಮಾಡ್ತಿದಾನೆ ಕಳ್ಳ, ಎಂದುಕೊಂಡು ತಮ್ಮ ನಗುನಗುತ್ತಲೇ ಸುತ್ತು ಮುಗಿಸಿದ. ಮುಗಿಸಿ ತಿರುಗಿದರೆ ಮೈದಾನದ ಆಚೆ ಮೂಲೆಯಲ್ಲಿ ಎಲ್ಲರೂ ಗುಂಪುಗೂಡಿ ಬಗ್ಗಿ ನಿಂತಿದ್ದರು.

ಹುಟ್ಟಿದಾಗಿನಿಂದಲೇ ಹೃದಯದಲ್ಲಿ ದೋಷವಿತ್ತು, ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ ಎಂದರು ಡಾಕ್ಟರು. ತಮ್ಮನನ್ನೂ ಪರೀಕ್ಷಿಸಿ, ನಿನ್ನದು ಗಟ್ಟಿ ಹೃದಯ, ಎಷ್ಟು ಬೇಕಾದರೂ ಓಡು ಎಂದರು. ಯಾರೂ ಅವನನ್ನು ದೂರಲಿಲ್ಲ. ಯಾರಾದರೂ ದೂರಿದ್ದರೆ ಜಗಳವಾಡಿ, ಅತ್ತು ಹಗುರವಾಗುತ್ತಿದ್ದನೋ ಏನೋ.

ಮತ್ತೆ ಮೈದಾನಕ್ಕೆ ಬಂದ ಮೊದಲ ದಿನವೇ ಬೆನ್ನ ಹಿಂದೆ ಹೆಜ್ಜೆ ಕೇಳಿತು. ಅವನು ನಡೆದರೆ ಅದೂ ನಡೆಯುತ್ತಿತ್ತು, ಉಸಿರು ತಣ್ಣಗಿರುತ್ತಿತ್ತು. ಒಂದೇ ಕೋಣೆಯಲ್ಲಿ ಮಲಗಿ ಬೆಳೆದವನಿಗೆ ಆ ಉಸಿರು ಯಾರದೆಂದು ಹೇಳಿಕೊಡಬೇಕೇ? ಆದರೆ ಇವನು ಓಡತೊಡಗಿದನೋ, ಉಸಿರು ಏರುತ್ತಿತ್ತು, ಹರಿಯುತ್ತಿತ್ತು, ಆ ಗೊರಗೊರ ಶುರುವಾಗುತ್ತಿತ್ತು. ಒಮ್ಮೆ ಸತ್ತವನನ್ನು ದಿನಾ ಸಾಯಿಸಲು ಯಾರಿಗೆ ಮನಸ್ಸು ಬಂದೀತು? ದೊರೆ ನಡೆದ. ತಿರುಗಿ ಮಾತ್ರ ನೋಡಲಿಲ್ಲ. ನೋಡಿದರೆ ಅಲ್ಲಿ ಯಾರೂ ಇರದಿದ್ದರೆ ಎಂಬ ಭಯವೇ ದೊಡ್ಡದಾಗಿತ್ತು.

ಒಂದು ದಿನ ಕೋಚ್ ಅವನನ್ನು ಸಾಮಾನಿನ ಕೋಣೆಗೆ ಕರೆದರು. ಅಲ್ಲಿ ಬಲೆಗಳು ರಾಶಿಬಿದ್ದಿದ್ದವು, ಗಾಳಿ ಹೋದ ಚೆಂಡುಗಳು ಮೂಲೆ ಸೇರಿದ್ದವು. ಕೋಚ್ ಮೊಣಕಾಲ ನಡುವೆ ಒಂದು ಚೆಂಡು ಇಟ್ಟುಕೊಂಡು ಪಂಪು ಹೊಡೆಯುತ್ತಿದ್ದರು.

"ನಿನ್ ಅಣ್ಣಂಗೆ ನಿನ್ನ ಆಟದಲ್ಲಿ ಕಾಲು ಭಾಗಾನೂ ಬರ್ತಿರ್ಲಿಲ್ಲ," ಎಂದರು. "ಆದ್ರೂ ಪ್ರಾಣ ಹೋಗೋವರೆಗೂ ಓಡ್ದ. ನಿಂಗೆ ನಾಚಿಕೆ ಆಗಲ್ವಾ?"

ದೊರೆ ಚೆಂಡು ಉಬ್ಬುವುದನ್ನು ನೋಡುತ್ತ ನಿಂತ.

"ಬಾಯಲ್ಲಿ ಏನಿಟ್ಕೊಂಡಿದೀಯಾ? ಮಾತಾಡೋ!"

"ಏನಿಲ್ಲ ಸರ್."

"ಸರಿ ಹಾಗಾದ್ರೆ. ಶನಿವಾರದ ಪಂದ್ಯದಲ್ಲಿ ನೀನು ಓಡಿದ್ದನ್ನ ನಾನು ಕಣ್ಣಾರೆ ನೋಡ್ಬೇಕು. ಇಲ್ಲಾಂದ್ರೆ ಭಾನುವಾರ ಬಂದು ನಿನ್ ಬೂಟು ತಗೊಂಡ್ಹೋಗು. ನನ್ ತಂಡದಲ್ಲಿ ದೊರೆಗಳಿಗೆ ಜಾಗ ಇಲ್ಲ." ಇಷ್ಟು ಹೇಳಿ, ಸಾಲದೆಂಬಂತೆ, "ಇವತ್ತಿಂದ ಕುಳ್ಳ ನಿನ್ನ ಬಾಲ," ಎಂದರು.

ಕುಳ್ಳನೆಂದರೆ ಎಡಬದಿಯ ಡಿಫೆಂಡರ್. ಅಣ್ಣ ಹೋದ ಮೇಲೆ ಅವನ ಜಾಗಕ್ಕೆ ಬಂದವನು. ಮೋಸ ಗೊತ್ತಿಲ್ಲ, ನಟನೆಯಂತೂ ಮೊದಲೇ ಗೊತ್ತಿಲ್ಲ. ನಗು ಬಂದರೆ ನಗುವುದು, ಹಸಿವಾದರೆ ತಿನ್ನುವುದು, ಅಷ್ಟೇ ಅವನ ಲೋಕ. ಆ ಸಂಜೆಯ ಓಟದಲ್ಲಿ ದೊರೆಯ ಬೆನ್ನ ಹಿಂದೆ ಎರಡು ಜೋಡಿ ಹೆಜ್ಜೆ ಕೇಳಿದವು. ಅರ್ಧ ಸುತ್ತಿಗೇ ಅವನು ನಡಿಗೆಗೆ ಇಳಿದ. ಕುಳ್ಳ ಬೆನ್ನಿಗೆ ಗುದ್ದಿದ.

"ಅವನನ್ನ ತುಳೀಬೇಡ್ವೋ," ಎಂದ ದೊರೆ, ತಿರುಗದೆ.

"ಯಾರನ್ನ?"

"ನಿನ್ ಪಕ್ಕದಲ್ಲಿರೋನನ್ನ."

ಕುಳ್ಳ ಪಕ್ಕಕ್ಕೆ ನೋಡಿದ. ಆಮೇಲೆ ಈ ಕಡೆ ಪಕ್ಕಕ್ಕೂ ನೋಡಿದ. "ಸಂಜೆ ಹೊತ್ತಲ್ಲಿ ಇಂಥದ್ದೆಲ್ಲ ಯಾಕೋ ಹೇಳ್ತೀಯ, ಮಾರಾಯ," ಎಂದು ಗೊಣಗಿದವನು ಆ ಸುತ್ತು ಮುಗಿಯುವವರೆಗೂ ಅವನಿಗೆ ಒಂದು ಗುದ್ದೂ ಕೊಡಲಿಲ್ಲ.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅಂಗಡಿಗಳಿಗೆ ಪರದೆ ಹೊಲಿದುಕೊಡುವುದು ಅವಳ ಕಸುಬು. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಅವಳಿಗೆ ಮಾತು ಕಡಿಮೆ. ಅಂದು ದೊರೆಗೆ ತಡೆಯಲಾಗಲಿಲ್ಲ. ನೆಲದ ಮೇಲೆ ಹರಡಿದ್ದ ಬಟ್ಟೆಯ ಅಂಚಿನಲ್ಲಿ ಕೂತು, ಶನಿವಾರದ ಮಾತನ್ನೂ ಬೆನ್ನ ಹಿಂದಿನ ಹೆಜ್ಜೆಯನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಅಮ್ಮ ಹುಚ್ಚು ಎಂದಾಳು, ಡಾಕ್ಟರ ಹತ್ತಿರ ನಡಿ ಎಂದಾಳು ಎಂದುಕೊಂಡಿದ್ದ. ಅಮ್ಮ ಯಂತ್ರ ನಿಲ್ಲಿಸಿದಳು. ಬಾಯಿಂದ ಸೂಜಿಗಳನ್ನು ತೆಗೆದು ಡಬ್ಬಿಗೆ ಹಾಕಿದಳು.

"ಏನಾದ್ರೂ ಹೇಳ್ತಾನಾ?"

"ಏನೂ ಹೇಳಲ್ಲಮ್ಮ. ಬರೀ ಉಸಿರಾಡ್ತಾನೆ."

"ಉಸಿರಾಡ್ತಾನಾ?" ಎಂದಳು ಅಮ್ಮ. ಅವಳ ಮುಖ ಹೇಗೋ ಆಯಿತು. "ಈ ಮನೇಲಿ ಎರಡು ವರ್ಷದಿಂದ ಕಿವಿ ಕೊಟ್ಟು ಕೂತಿದೀನಿ. ಬಾಗಿಲು ತೆಗೆದಿಟ್ಟೆ, ಅವನ ಹಾಸಿಗೆ ಹಾಸಿಟ್ಟೆ. ನಂಗೊಂದು ಸದ್ದೂ ಕೇಳಿಲ್ಲ. ಹೆತ್ತೋಳು ನಾನು, ನನ್ ಹತ್ರ ಬರಲ್ಲ. ನಿನ್ ಹತ್ರ ಬರ್ತಾನಾ?"

ಅಮ್ಮನಿಗೆ ಹೊಟ್ಟೆಕಿಚ್ಚಾಗಿತ್ತು, ಆದದ್ದನ್ನು ಆಗಿಲ್ಲ ಎಂದು ಯಾಕೆ ಹೇಳಬೇಕು? ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಸೂಜಿ ಕಚ್ಚಿಕೊಂಡು ಬಟ್ಟೆ ಎಳೆದುಕೊಂಡಳು. ಹಲ್ಲುಗಳ ಸಂದಿಯಿಂದ, "ಹಾಗಾದ್ರೆ ಓಡ್ಬೇಡ," ಎಂದಳು. "ಆಟ ಹೋದ್ರೆ ಹೋಗ್ಲಿ. ಅವನು ಉಸಿರಾಡ್ಕೊಂಡಿರ್ಲಿ."

ಶನಿವಾರ ದೊರೆ ನಡೆಯಲೆಂದೇ ಮೈದಾನಕ್ಕಿಳಿದ. ಮನಸ್ಸು ಗಟ್ಟಿಮಾಡಿಕೊಂಡಿದ್ದ: ಭಾನುವಾರ ಬೂಟು ತರುವುದು, ಎಲ್ಲಾದರೂ ಕೆಲಸ ಹುಡುಕುವುದು, ಸಂಜೆ ಮೈದಾನ ಖಾಲಿಯಾದಾಗ ಬಂದು ಅಣ್ಣನ ಜೊತೆ ಸುಮ್ಮನೆ ಒಂದು ಸುತ್ತು ಹಾಕುವುದು. ಮೊದಲರ್ಧದಲ್ಲಿ ಒಂದು ಗೋಲು ಹೊಡೆಸಿದ, ಉಳಿದ ಹೊತ್ತು ನಡೆದ. ಕೋಚ್ ಬೈಯುವುದನ್ನೂ ಬಿಟ್ಟಿದ್ದರು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಪಂದ್ಯ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಎದುರಾಳಿ ಹುಡುಗನೊಬ್ಬ ಎಡಬದಿಯಿಂದ ಚೆಂಡು ಕಿತ್ತುಕೊಂಡು ಗೋಲಿನತ್ತ ನುಗ್ಗಿದ. ಅವನ ಹಿಂದೆ ಇದ್ದವನು ಕುಳ್ಳನೊಬ್ಬನೇ. ಪಾಪ, ಕುಳ್ಳ ಪಂದ್ಯ ಶುರುವಾದಾಗಿನಿಂದ ಓಡಿದ್ದ, ದೊರೆಯ ಪಾಲಿನದನ್ನೂ ಸೇರಿಸಿ ಓಡಿದ್ದ. ನಡೆಯುತ್ತಿದ್ದ ದೊರೆಯನ್ನು ದಾಟಿ ಹೋಗುವಾಗ ಅವನ ಬಾಯಿ ತೆರೆದಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಎದೆಯಿಂದ ಹರಿದ ಉಸಿರು ಬರುತ್ತಿತ್ತು. ಇದು ನಾಟಕವೋ ನಿಜವೋ ಎಂದು ಯೋಚಿಸುವ ಗೊಡವೆಗೆ ದೊರೆ ಹೋಗಲಿಲ್ಲ. "ನಿಲ್ಲೋ ಕುಳ್ಳ! ನಾನ್ ಹೋಗ್ತೀನಿ, ನೀ ನಿಲ್ಲೋ!" ಎಂದು ಕಿರುಚಿದವನೇ ಓಡಿದ.

ಎರಡು ವರ್ಷದಿಂದ ಸರಿಯಾಗಿ ಓಡದ ಕಾಲು ಮೊದಲು ತಡವರಿಸಿತು, ಆಮೇಲೆ ಹಾರಿತು. ಬೆನ್ನ ಹಿಂದೆ ಅಣ್ಣನ ಹೆಜ್ಜೆಯೂ ಓಡಿತು. ಉಸಿರು ಏರಿತು, ಹರಿಯಿತು, ಗೊರಗೊರ ಶುರುವಾಯಿತು. ಕ್ಷಮಿಸೋ ಅಣ್ಣಾ, ಕ್ಷಮಿಸೋ, ಎನ್ನುತ್ತಲೇ ದೊರೆ ಓಡಿದ. ಉಸಿರು ಕಿವಿಯ ಹತ್ತಿರಕ್ಕೇ ಬಂತು. ಈಗ ನಿಂತುಹೋಗುತ್ತದೆ ಎಂದುಕೊಂಡ. ನಿಲ್ಲಲಿಲ್ಲ. ಭುಜದ ಪಕ್ಕಕ್ಕೆ ಬಂತು, ತಂಗಾಳಿಯ ಹಾಗೆ ಕೆನ್ನೆ ಸವರಿತು, ಅವನನ್ನು ದಾಟಿ ಮುಂದೆ ಹೋಯಿತು.

ದೊರೆ ಕಾಲು ಚಾಚಿ ಚೆಂಡು ಕಸಿದ. ಜನ ಕೂಗಿದರು, ಕುಳ್ಳ ಬಂದು ಅವನ ಮೇಲೆ ಬಿದ್ದ, ಕೋಚ್ ಟೋಪಿ ಎಸೆದು ಮಗುವಿನ ಹಾಗೆ ಕುಣಿದರು. ದೊರೆಗೆ ಅವೆಲ್ಲ ಎಲ್ಲೋ ದೂರದಲ್ಲಿ ನಡೆದಂತೆ ಕಾಣುತ್ತಿತ್ತು. ಅವನು ಮುಂದೆ ಹೋದ ಹೆಜ್ಜೆಗಳಿಗೆ ಕಿವಿಗೊಟ್ಟು ನಿಂತಿದ್ದ. ಅವು ಗೋಲಿನ ಕಂಬ ಬಳಸಿ ಮೈದಾನದ ಅಂಚಿನಲ್ಲಿ ಹಗುರಾಗಿ ಓಡುತ್ತಿದ್ದವು.

ಭಾನುವಾರ ಅವನು ಬೂಟು ತೆಗೆದುಕೊಂಡು ಹೋಗಲಿಲ್ಲ, ಹಾಕಿಕೊಂಡು ಓಡಿದ. ಈಗ ಲೆಕ್ಕ ತಿರುಗಾಮುರುಗಾ ಆಗಿತ್ತು. ಅವನು ನಡೆದರೆ ಹೆಜ್ಜೆಗಳು ದೂರವಾಗಿ ಮಸುಕಾಗುತ್ತಿದ್ದವು. ಓಡಿದರೆ ಮಾತ್ರ ಹತ್ತಿರದಲ್ಲಿ ಕೇಳುತ್ತಿದ್ದವು. ಎಷ್ಟು ಓಡಿದರೂ ಒಂದು ಮಾರು ದೂರ ಉಳಿದೇ ಇರುತ್ತಿತ್ತು. "ನೋಡಿದ್ಯಾ, ಮನಸ್ಸು ಮಾಡಿದ್ರೆ ಆಗುತ್ತೆ," ಎಂದು ಕೋಚ್ ಕಂಡಕಂಡವರಿಗೆ ಅವನನ್ನು ತೋರಿಸುತ್ತಿದ್ದರು. ಸ್ವಲ್ಪ ದಿನಕ್ಕೆ ತೋರಿಸುವುದನ್ನು ಬಿಟ್ಟರು. ಎಲ್ಲರೂ ಮನೆಗೆ ಹೋದರೂ ಇವನು ಓಡುತ್ತಿದ್ದ. ಕೆನ್ನೆ ಒಳಗೆ ಹೋಯಿತು. ಗೆರೆಯ ಹತ್ತಿರ ನಿಂತು ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು ಮತ್ತೆ ಓಡುತ್ತಿದ್ದ. ಕುಳ್ಳ ಅಡ್ಡ ನಿಂತರೆ ಬಳಸಿಕೊಂಡು ಹೋಗುತ್ತಿದ್ದ.

"ಸಾಕೋ! ನಿನ್ ಕಾಲಿಗೆ ಬೀಳ್ತೀನಿ, ಸಾಕು ಮಾಡೋ!" ಎಂದು ಕೊನೆಗೆ ಕೋಚೇ ಅಂಗಲಾಚಿದರು. ಯಾರನ್ನು ಸೋಮಾರಿ ಎಂದು ಬೈದಿದ್ದರೋ ಅವನನ್ನೇ ನಿಲ್ಲು ಎಂದು ಬೇಡುವ ಹಾಗಾಯಿತು ಅವರ ಪಾಡು. ಅವರ ಕಣ್ಣೆದುರಿಗೆ ಆ ಮೂಲೆ, ಬಗ್ಗಿ ನಿಂತಿದ್ದ ಆ ಗುಂಪು ಬಂದಿರಬೇಕು. ದೊರೆಯ ಅಮ್ಮನನ್ನು ಕರೆತರಲು ಬೆವರುತ್ತ ಅವನ ಮನೆಗೆ ಓಡಿದರು.

ಅಮ್ಮ ಬಂದಾಗ ದೊರೆ ಮೈದಾನದ ಆಚೆ ಬದಿಯಲ್ಲಿದ್ದ. ಅವನ ಉಸಿರು ಹರಿದಿತ್ತು, ಗಂಟಲಲ್ಲಿ ಗೊರಗೊರ ಎನ್ನುತ್ತಿತ್ತು. ಅದು ತನ್ನದೇ ಉಸಿರೆಂದು ಅವನಿಗೆ ಗೊತ್ತಿತ್ತು, ನಿಲ್ಲಿಸುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ. ಮುಂದಿನ ಹೆಜ್ಜೆ ಇನ್ನೊಂದೇ ಮಾರು. ಇವತ್ತು ಹಿಡಿದುಬಿಡುತ್ತೇನೆ ಎಂದುಕೊಂಡ.

"ನಿಲ್ಲು ಅಂತ ಹೇಳಮ್ಮ ಅವನಿಗೆ," ಎಂದರು ಕೋಚ್. "ನೀನು ಹೇಳಿದ್ರೆ ಕೇಳ್ತಾನೆ."

ಅಮ್ಮ ಬೇಲಿ ಹಿಡಿದುಕೊಂಡು ಮಗನನ್ನು ನೋಡಿದಳು. ಆಮೇಲೆ ಅವನನ್ನು ಬಿಟ್ಟು ಅವನ ಮುಂದಿನ ಖಾಲಿ ಜಾಗವನ್ನು ನೋಡಿದಳು. ಅವಳ ದನಿ ಅಷ್ಟು ದೊಡ್ಡದೆಂದು ಆ ಬೀದಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

"ದೊಡ್ಡೋನೇ!" ಎಂದು ಕೂಗಿದಳು. "ನಿಂತ್ಕೊಳ್ಳೋ! ನಿನ್ ತಮ್ಮಂಗೆ ಆಗ್ತಿಲ್ಲ ಕಣೋ!"

ಮುಂದಿನ ಹೆಜ್ಜೆ ನಿಂತಿತು. ಡಿಕ್ಕಿ ಹೊಡೆಯಬಾರದೆಂದು ದೊರೆಯೂ ತಡವರಿಸಿ ನಿಂತ, ಮೊಣಕಾಲ ಮೇಲೆ ಕೈಯೂರಿ ಬಗ್ಗಿದ. ಅಮ್ಮ ಬೇಲಿಯ ಬಾಗಿಲು ತಳ್ಳಿಕೊಂಡು ಹುಲ್ಲಿನ ಮೇಲೆ ಚಪ್ಪಲಿಯಲ್ಲೇ ಬಂದಳು. ಕೋಚ್ ತಡೆಯಲಿಲ್ಲ. ಹತ್ತಿರ ಬಂದವಳು ಒಂದು ಕೈಯನ್ನು ಅವನ ಬೆನ್ನಿನ ಮೇಲಿಟ್ಟಳು.

"ಕೂತ್ಕೊಳ್ರೋ," ಎಂದಳು. "ಇಬ್ರೂ ಸ್ವಲ್ಪ ಸುಧಾರಿಸ್ಕೊಳ್ರೋ."